ಗಾಳಿಯ ಗುಟ್ಟು ಕಾಯ್ದ ಕಾಕಾ

ನಮ್ಮ ಬಳಗದಲ್ಲಿ ಈಗ ಒಂದು ಕತೆ ಓಡಾಡುತ್ತಿದೆ. ಗುಟ್ಟು ಕಾಯುವ ಹುಚ್ಚಿನ ಕಾಕಾ ಒಮ್ಮೆ ಮುಗ್ಗರಿಸಿದರಂತೆ, ಅವರ ಮಾನವನ್ನು ಅಣ್ಣನ ಮಗಳು, ಕಾನೂನು ಓದುವ ಜಾಣೆ, ಒಂದೇ ಮಧ್ಯಾಹ್ನದಲ್ಲಿ ಉಳಿಸಿದಳಂತೆ. ಆ ಜಾಣೆ ನಾನೇ! ಕತೆ ಪೂರ್ತಿ ನನ್ನ ಪರವಾಗಿದೆ. ಸುಮ್ಮನೆ ತಲೆಯಾಡಿಸಿ ಇನ್ನೊಂದು ಹೋಳಿಗೆ ಹಾಕಿಸಿಕೊಳ್ಳಬಹುದಿತ್ತು. ಆದರೆ ಶಾಲೆಯಿಂದ ಹಿಡಿದು ಇಲ್ಲಿಯವರೆಗೆ ಚರ್ಚಾಸ್ಪರ್ಧೆಗಳಲ್ಲಿ ಗಂಟಲು ಹರಿದುಕೊಂಡವಳಿಗೆ ಒಂದು ಕೆಟ್ಟ ಚಾಳಿ ಅಂಟಿರುತ್ತದೆ: ತನ್ನ ಪರವಾದ ಸಾಕ್ಷಿಯನ್ನೇ ಮೊದಲು ಅನುಮಾನಿಸುವುದು. ಈ ಕತೆ ಮೊದಲು ಹೇಳಿದವರು ಯಾರು? ನಡುವೆ ಏನಾದರೂ ಬಿಟ್ಟುಹೋಗಿದೆಯೆ?

ಇನ್ನೊಂದು ತಕರಾರೂ ಇದೆ. ಕಾಕಾ ಮೌನಿ, ಬಾಯಿಗೆ ಬೀಗ ಹಾಕಿಕೊಂಡೇ ಹುಟ್ಟಿದವರು ಎಂದು ಎಲ್ಲರೂ ಹೇಳುತ್ತಾರೆ. ಶುದ್ಧ ಸುಳ್ಳು! ಇಡೀ ಕೇಶ್ವಾಪುರದಲ್ಲಿ ಅವರಷ್ಟು ಮಾತಾಡುವ ಮನುಷ್ಯ ಇನ್ನೊಬ್ಬರಿಲ್ಲ. ಉಣಕಲ್ ಕೆರೆಯ ನೀರು, ಹಿಂದಿನ ಕಾಲದ ಬಸ್ಸು, ಈಗಿನ ಮೆಣಸಿನಕಾಯಿಯ ಖಾರ, ಯಾವುದನ್ನಾದರೂ ಎತ್ತಿಕೊಡಿ, ಒಂದು ತಾಸು ನಿಲ್ಲುವುದಿಲ್ಲ. ಎದ್ದು ಬರುವಾಗ ಮಾತ್ರ ನಿಮಗೆ ಹೊಳೆಯುತ್ತದೆ: ನೀವು ಕೇಳಲು ಹೋಗಿದ್ದ ಒಂದು ವಿಷಯ ಅವರ ಬಾಯಿಂದ ಬರಲೇ ಇಲ್ಲ!

ಕಾಕಾ ಒಬ್ಬ ವಕೀಲರ ಆಫೀಸಿನಲ್ಲಿ ಕಾರಕೂನ. ಮೂವತ್ತು ವರ್ಷಗಳ ಮೇಲಾಯಿತು. ಕರೆಂಟಿನ ದರ ಗೊತ್ತುಮಾಡುವ ಆಯೋಗದ ಮುಂದೆ ಕಂಪನಿಗಳ ಪರ ವಾದಿಸುವುದು ಆ ವಕೀಲರ ವಿಶೇಷ. ಅಲ್ಲಿ ಕಂಪನಿಗಳು ತಮ್ಮ ವ್ಯವಹಾರದ ಗುಟ್ಟುಗಳನ್ನೂ ಕೊಡಬೇಕಾಗುತ್ತದೆ. ಅದಕ್ಕೆ ಪ್ರತಿಗಳು ಎರಡು. ಪೂರ್ತಿ ಇರುವುದು ಆಯೋಗಕ್ಕೆ, ಅರಗಿನ ಮೊಹರು ಒತ್ತಿದ ಲಕೋಟೆಯಲ್ಲಿ. ಇನ್ನೊಂದು ಸಾರ್ವಜನಿಕ ಪ್ರತಿ, ಗುಟ್ಟಿನ ಸಾಲುಗಳ ಮೇಲೆಲ್ಲ ಕರೀ ಗೆರೆ ಎಳೆದಿದ್ದು. ಗೆರೆ ಎಳೆಯುವವರು, ಅರಗು ಒತ್ತುವವರು ನಮ್ಮ ಕಾಕಾ. ಮಾರ್ಕರಿನಿಂದ ಎಳೆದು, ಜೆರಾಕ್ಸ್ ಮಾಡಿ, ಆ ಜೆರಾಕ್ಸನ್ನು ಕಿಟಕಿಯ ಬೆಳಕಿಗೆ ಹಿಡಿದು, ಕೆಳಗಿನ ಅಕ್ಷರದ ನೆರಳು ಕಂಡರೆ ಮತ್ತೆ ಎಳೆದು ಮತ್ತೆ ಜೆರಾಕ್ಸ್! ಇಷ್ಟು ವರ್ಷಗಳಲ್ಲಿ ಒಂದಕ್ಷರ ಸೋರಿಲ್ಲ ಎಂಬುದು ಅವರ ಒಂದೇ ಆಸ್ತಿ.

ಆಫೀಸಿನ ಈ ಚಟ ನಾವೆಲ್ಲ ಒಟ್ಟಿಗಿರುವ ಮನೆಗೂ ಬಂದರೆ ಏನಾಗುತ್ತದೆ? ಅವರ ಹೆಂಡತಿ, ನಮ್ಮ ಕಾಕು, ಕಿರಾಣಿ ಚೀಟಿ ಬರೆದುಕೊಟ್ಟರೆ ಕಾಕಾ ಅದನ್ನು ಮೂರು ತುಂಡು ಮಾಡಿ ಮೂರು ಅಂಗಡಿಗೆ ಒಯ್ಯುತ್ತಾರೆ.

“ಒಂದ ಅಂಗಡ್ಯಾಗ ತಂದ್ರ ನಿಮ್ಮ ಗಂಟೇನ್ ಹೋಕ್ಕೈತ್ರಿ?” ಎಂದು ಕಾಕು.

“ಪೂರಾ ಚೀಟಿ ಒಬ್ಬಾವಗ ಕೊಟ್ರ, ಮನೀಗೆ ಎಷ್ಟ್ ಮಂದಿ ಬಂದಾರ, ಯಾರ ಹೊಟ್ಟಿ ಕೆಟ್ಟೈತಿ, ಎಲ್ಲಾ ಅವಗ ತಿಳೀತೈತಿ.”

ಪರಿಣಾಮ? ಒಬ್ಬನಿಗೆ ರವೆ ಸಕ್ಕರೆ, ಇನ್ನೊಬ್ಬನಿಗೆ ಗೋಡಂಬಿ, ಮತ್ತೊಬ್ಬನಿಗೆ ಅಡಿಕೆ ಊದಿನಕಡ್ಡಿ. ಮೂವರೂ ಸಂಜೆ ಚಹಾದ ಗಾಡಿಯ ಹತ್ತಿರ ಸೇರಿ ತಾಳೆ ಹಾಕಿದರು. ದೀಪ ಹಚ್ಚುವ ಹೊತ್ತಿಗೆ ಓಣಿಯ ತುಂಬ ಸುದ್ದಿ: ನನ್ನನ್ನು ನೋಡಲು ಬೀಗರು ಬರುತ್ತಿದ್ದಾರೆ!

ಪಿಯುಸಿಯಲ್ಲಿ ನಾನು ಗಣಿತದಲ್ಲಿ ನಪಾಸಾದಾಗ ಉಪ್ಪಿನಬೆಟಗೇರಿಯಿಂದ ಕಾಕಾನ ಅಕ್ಕ, ನನ್ನ ಅತ್ತಿ, ಬಂದಿದ್ದಳು. ಬಾಗಿಲಲ್ಲೇ ಶುರು: “ಹುಡುಗೀದು ಏನಾತೋ ರಿಸಲ್ಟು?” ನಾನು ಅಡಿಗೆಮನೆಯಲ್ಲಿ ಕಿವಿಗೊಟ್ಟು ನಿಂತಿದ್ದೆ.

“ಬಂದೈತಿ. ಐದು ವಿಷಯದಾಗ ಭಾಳ ಛಲೋ ಮಾಡ್ಯಾಳ,” ಎಂದರು ಕಾಕಾ.

“ಆರನೇದು?”

“ಪರಿಶೀಲನಿಯಾಗೈತಿ.”

ಆಕೆಗೆ ಆ ದೊಡ್ಡ ಶಬ್ದದ ಮೇಲೆ ಎಷ್ಟು ಗೌರವ ಬಂತೆಂದರೆ ನನ್ನ ಕೈಗೆ ನೂರು ರೂಪಾಯಿ ತುರುಕಿ ಹೋದಳು! ಎರಡು ತಿಂಗಳಲ್ಲಿ ನಾನು ಮರುಪರೀಕ್ಷೆ ಬರೆದು ಪಾಸಾದೆ. ಆಕೆಗೆ ಇಂದಿಗೂ ಗೊತ್ತಿಲ್ಲ. ಇದನ್ನು ಓದಿದರೆ ಗೊತ್ತಾಗುತ್ತದೆ, ಆಗಲಿ.

ಕಾಕಾನ ಬಳಿ ಇನ್ನೊಂದು ವಿಚಿತ್ರವಿದೆ. ಒಂದು ದಪ್ಪ ನೋಟ್‌ಬುಕ್ಕು. ಯಾರಿಂದ ಏನು ಕಲಿತರೂ ಅದರಲ್ಲಿ ಬರೆದು, ಪುಟದ ನೆತ್ತಿಯ ಮೇಲೆ “ಹೇಳಿಕೊಟ್ಟವರು” ಎಂದು ಹೆಸರು ಹಾಕುತ್ತಾರೆ. ಒಲೆಯ ಬರ್ನರ್ ತೊಳೆಯುವುದು, ಹೇಳಿಕೊಟ್ಟವರು ಕಾಕು. ಸ್ಕೂಟರಿನ ಪ್ಲಗ್ ಒರೆಸುವುದು, ಹೇಳಿಕೊಟ್ಟವರು ಗ್ಯಾರೇಜಿನವನು. ಸಾಕ್ಷಿ ಇಲ್ಲದ ಜ್ಞಾನ ಅವರಿಗೆ ಆಗಿಬರುವುದಿಲ್ಲ.

ಇಂಥ ಮನೆಗೆ ಹೋದ ವರ್ಷ ಗಾಳಿ ನುಗ್ಗಿತು.

ಗುಡ್ಡದ ಮೇಲೆ ಫ್ಯಾನು ನಿಲ್ಲಿಸಿ ಕರೆಂಟು ತೆಗೆಯುವ ಒಂದು ಕಂಪನಿ ಆಯೋಗಕ್ಕೆ ಅರ್ಜಿ ಹಾಕಿತು: ಎಣಿಸಿದಷ್ಟು ಗಾಳಿ ಬೀಸಲಿಲ್ಲ, ನಮ್ಮ ಕರೆಂಟಿನ ದರ ಏರಿಸಿಕೊಡಿ. ಏರಿಸಿದರೆ ಬಿಲ್ಲಿನಲ್ಲಿ ತೆರುವವರು ನಾವು. ಹಾಗಾಗಿ ಗ್ರಾಹಕರ ಸಂಘವೊಂದು ಆಕ್ಷೇಪಣೆ ಹಾಕಿತು. ಆಯೋಗದ ಮುಂದೆ ಗ್ರಾಹಕರ ಪರ ಮಾತಾಡಲು ವಕೀಲರೇ ಆಗಬೇಕಿಲ್ಲ; ವಾದ ಮಂಡಿಸಲು ಆ ಸಂಘ ಆರಿಸಿದ್ದು ನನ್ನನ್ನು. ಕಂಪನಿಯ ವಕೀಲರು ಯಾರು? ಕಾಕಾನ ವಕೀಲರು! ಗುಟ್ಟು ಏನು? ಗುಡ್ಡದ ಮೇಲೆ ಯಾವ ಕಂಬದ ಹತ್ತಿರ ಯಾವಾಗ ಎಷ್ಟು ಗಾಳಿ ಬೀಸಿತು ಎಂಬ ಲೆಕ್ಕ. ನನ್ನ ವಾದಕ್ಕೆ ಬೇಕಾದ ಅದೇ ಕೋಷ್ಟಕವನ್ನು ಕಣ್ಣಾರೆ ಕಂಡ ಮನುಷ್ಯ ನನ್ನೆದುರೇ ಕೂತು ರೊಟ್ಟಿ ಮುರಿಯುತ್ತಿದ್ದರು.

ನಾನು ಬಿಡುವವಳೆ? “ಕಾಕಾ, ಗಾಳಿಗೂ ಗುಟ್ಟೇನ್ರಿ? ನನ್ನ ಮಾರಿಗೆ ಬಡಿಯೂ ಗಾಳಿ ಎಷ್ಟೈತಿ ಅಂತ ನನಗ ಹೇಳಂಗಿಲ್ಲ ಅಂದ್ರ ಹೆಂಗ?”

“ಗಾಳಿ ಎಲ್ಲಾರದು. ಅಳತಿ ಅವರದು.”

“ಅಂದ್ರ?”

“ಅವ್ರು ಕಂಬ ಹುಗದು, ಮಂದಿ ಇಟ್ಟು, ವರ್ಷಗಟ್ಟಲೆ ಅಳದಾರ. ಅದನ್ನ ಪುಕ್ಕಟೆ ಓದಿ ಇನ್ನೊಂದು ಕಂಪನಿ ಬಾಜೂ ಗುಡ್ಡ ಹಿಡದ್ರ?”

“ಹಂಗಾರ ಕಂಪನಿ ಹೇಳಿದ್ದೆಲ್ಲಾ ಗುಟ್ಟು!”

“ಎಲ್ಲಾ ಅಲ್ಲ. ಮೊನ್ನೆ ತಮ್ಮ ಆಫೀಸಿನ ಅಡ್ರೆಸ್ಸಿಗೂ ಗೆರಿ ಎಳೀರಿ ಅಂದ್ರು. ಬಾಗಲ ಮ್ಯಾಲ ಇಷ್ಟುದ್ದ ಬೋರ್ಡ್ ಹಾಕೀರಿ, ಅದ್ಯಾವ ಗುಟ್ಟ್ರಿ ಅಂದೆ. ಹೊರಗ ಬಂದ್ರ ಯಾರಿಗೆ ಏನ್ ನಷ್ಟ ಅಂತ ಹೇಳಾಕ ಬರಬೇಕು. ಬರಲಿಲ್ಲಂದ್ರ ಗೆರಿ ಇಲ್ಲ.”

ನಾನು ವಾದ ಬಿಟ್ಟು ಇನ್ನೊಂದು ರೊಟ್ಟಿ ಎತ್ತಿಕೊಂಡೆ. ಚರ್ಚಾಸ್ಪರ್ಧೆಯಲ್ಲಾಗಿದ್ದರೆ ಗಂಟೆ ಬಾರಿಸಿಬಿಡುತ್ತಿದ್ದರು!

ಅಂದಿನಿಂದ ಕಾಕಾ ಹವಾಮಾನದ ಮಾತನ್ನೇ ಬಿಟ್ಟರು. ಒಂದು ಸಂಜೆ ಕಿಟಕಿ ಪಟಪಟ ಬಡಿಯುತ್ತಿತ್ತು. “ಇವತ್ತ ಗಾಳಿ ಜೋರೈತಿ ಅಲ್ರಿ ಕಾಕಾ?” ಎಂದೆ, ಮುಗ್ಧಳಂತೆ.

“ಆ ವಿಷಯ ಆಯೋಗದ ಮುಂದೈತಿ,” ಎಂದರು.

ಕಾಕುಗೆ ರೇಗಿತು. “ನಿಮ್ಮ ಆಯೋಗಕ್ಕಿಷ್ಟು! ಮೊದಲು ಆ ಕಿಡಕಿ ಹಾಕ್ರಿ, ಒಲಿ ಆರಾಕತ್ತೈತಿ!”

ವಿಚಾರಣೆಗೆ ಆರು ದಿನ ಇತ್ತು. ಸಾರ್ವಜನಿಕ ಪ್ರತಿ ನಮ್ಮ ಸಂಘಕ್ಕೆ ಇಮೇಲಿನಲ್ಲಿ ಬಂತು. ಮೊಹರಿನ ಲಕೋಟೆಯೊಂದನ್ನು ಬಿಟ್ಟರೆ ಈಗ ಕಾಗದ ನಡೆಯುವುದಿಲ್ಲ, ಉಳಿದದ್ದೆಲ್ಲ ಕಂಪ್ಯೂಟರಿನಲ್ಲಿಯೇ ಸಲ್ಲಿಸಬೇಕು. ಕೋಷ್ಟಕದ ಮೇಲೆ ಅಚ್ಚುಕಟ್ಟಾದ ಕರೀ ಚೌಕ. ಕಾಕಾನ ಕೈಯೇ, ಸಂಶಯವಿಲ್ಲ. ನನ್ನ ಬರವಣಿಗೆಗೆ ಅದರ ತಲೆಬರಹ ಬೇಕಾಗಿತ್ತು. ಮೌಸು ಎಳೆದು, ನಕಲು ಮಾಡಿ, ನನ್ನ ಪುಟದಲ್ಲಿ ಅಂಟಿಸಿದೆ. ತಲೆಬರಹದ ಬೆನ್ನ ಹಿಂದೆಯೇ ಕಂಬ ಒಂದು, ಕಂಬ ಎರಡು, ಕಂಬ ಮೂರು ಎಂದು ಇಡೀ ಗುಡ್ಡದ ಗಾಳಿ ಹೊರಗೆ ಬಂತು! ಚೌಕ ಮೇಲೆ ಕೂತಿತ್ತು ಅಷ್ಟೆ. ಕೆಳಗೆ ಅಕ್ಷರಗಳು ಸುಖವಾಗಿ ಮಲಗಿದ್ದವು.

ನೋಡಿದೆನೆ? ಒಂದು ಸಾಲು ನೋಡಿದೆ. ಮೊದಲ ಕಂಬದ ಹತ್ತಿರ ಗಾಳಿಯ ವೇಗ ██████. ನೀವು ಈ ಪುಟವನ್ನು ಕಿಟಕಿಗೆ ಹಿಡಿದರೂ ಕಾಣಿಸುವುದಿಲ್ಲ.

ನನ್ನೊಳಗೆ ಎರಡೂ ಪಕ್ಷದವರು ಎದ್ದು ನಿಂತರು. ನಾನೇನು ಕದ್ದೆನೆ? ಅವರೇ ಕಳಿಸಿದ್ದಲ್ಲವೆ? ಹೌದು. ಆದರೆ ವಿಚಾರಣೆಯಲ್ಲಿ ಈ ಅಂಕಿ ಎತ್ತಿದರೆ ಮೊದಲ ಪ್ರಶ್ನೆ ಏನು ಬರುತ್ತದೆ? “ಎಲ್ಲಿಂದ ಬಂತು?” ಉತ್ತರ ನನ್ನ ಮನೆಯಲ್ಲಿಯೇ ಇತ್ತು. ಒಂದಕ್ಷರ ಸೋರಿಲ್ಲ ಎಂಬ ಅವರ ಒಂದೇ ಆಸ್ತಿ ನನ್ನ ಒಂದು ವಾಕ್ಯಕ್ಕೆ ಹೋಗಿಬಿಡುತ್ತಿತ್ತು. ಸೋಮವಾರ ಅದೇ ಪ್ರತಿ ಆಯೋಗದ ಜಾಲತಾಣಕ್ಕೂ ಏರಲಿತ್ತು. ಅಂದು ಶನಿವಾರ, ಊಟದ ಹೊತ್ತು ಮುಗಿದಿತ್ತು.

ಕಾಕಾ ಕಟ್ಟೆಯ ಮೇಲೆ ಶೇಂಗಾ ಒಡೆಯುತ್ತ ಕೂತಿದ್ದರು. ಲ್ಯಾಪ್‌ಟಾಪನ್ನು ಅವರ ಮುಂದೆ ಇಟ್ಟೆ. “ಕಾಕಾ, ನಿಮ್ಮ ಗೆರಿ ಸೋರಾಕತ್ತೈತಿ.”

ಅವರು ನೋಡಿದರು. ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿ ಮತ್ತೆ ನೋಡಿದರು. ಕೈಯಲ್ಲಿದ್ದ ಶೇಂಗಾ ಒಡೆಯಲೇ ಇಲ್ಲ.

“ಎಷ್ಟ ಮಂದಿಗೆ ಹೋಗೈತಿ?”

“ನಮ್ಮ ಸಂಘಕ್ಕಷ್ಟ. ತೆಗದಾಕಿ ನಾನೊಬ್ಬಾಕೀನ.”

“ನೀ ಎಷ್ಟ್ ನೋಡೀದಿ?”

“ಒಂದ ಸಾಲು.”

“ಮರತಬಿಡು.”

“ಮರಿಯೂದು ನನ್ನ ಕೈಯಾಗಿಲ್ಲ ಕಾಕಾ.”

“ಹಂಗಾರ ಹೇಳಬ್ಯಾಡ. ಅದು ನಿನ್ನ ಕೈಯಾಗೈತಿ, ನಮ್ಮವ್ವಾ.”

ಎದ್ದವರೇ ಒಂದು ಹಾಳೆ ತಂದರು. ‘ನೋಡಿದ್ದನ್ನು ಯಾರಿಗೂ ಹೇಳುವುದಿಲ್ಲ, ಕಡತ ಅಳಿಸಿದ್ದೇನೆ’ ಎಂದು ನನ್ನಿಂದ ಬರೆಸಿ ಸಹಿ ಹಾಕಿಸಿದರು. ಸಾಕ್ಷಿಗೆ ಕಾಕುವಿನ ಸಹಿ, ಹಿಟ್ಟಿನ ಕೈಯಲ್ಲಿ! ಆಮೇಲೆ ಇಸ್ತ್ರಿ ಅಂಗಿ ಹಾಕಿಕೊಂಡು, ಸ್ಕೂಟರು ಏರಿ, ವಕೀಲರ ಮನೆಗೆ ಹೋದರು. ಚಹಾದ ಹೊತ್ತಿಗೆ ತಿರುಗಿ ಬಂದರು.

“ವಕೀಲರು ಏನಂದ್ರು?”

“ಕೂಡ್ರಿ ಅಂದ್ರು. ಕೂತೆ.”

“ಮತ್ತ?”

“ಚಾ ಬಂತು.”

ಇದಕ್ಕಿಂತ ಕಪ್ಪಾದ ಸಾರ್ವಜನಿಕ ಪ್ರತಿಯನ್ನು ನಾನು ನೋಡಿಲ್ಲ! ಅಂದು ಸಂಜೆಯೇ ತಿದ್ದಿದ ಪ್ರತಿ ಬಂತು. ಮೌಸು ಎಳೆದು ನೋಡಿದೆ. ಒಂದೆಲೆಯಷ್ಟೂ ಗಾಳಿ ಆಡಲಿಲ್ಲ.

ವಿಚಾರಣೆಯ ದಿನ ನಾನು ಕಾಕಾನ ಮಾತನ್ನೇ ಕದ್ದೆ. “ಗಾಳಿ ಎಲ್ಲರದು, ಅಳತೆ ಅವರದು, ಒಪ್ಪಿದೆ. ಆದರೆ ಬಿಲ್ಲು ನಮ್ಮದು! ಕಂಬ ಕಂಬದ ಲೆಕ್ಕ ಬೇಡ. ತಿಂಗಳ ಒಟ್ಟು ಲೆಕ್ಕ ಎಲ್ಲರಿಗೂ ಕೊಡಲಿ. ಅದೂ ಆಗದಿದ್ದರೆ ಗುಟ್ಟು ಕಾಯುವ ಮುಚ್ಚಳಿಕೆ ಬರೆಸಿಕೊಂಡು ನಮಗಷ್ಟೇ ತೋರಿಸಲಿ.” ಅಧ್ಯಕ್ಷರು ಕಂಪನಿಯ ವಕೀಲರತ್ತ ತಿರುಗಿದರು. ತಿಂಗಳ ಲೆಕ್ಕದಿಂದ ಏನು ನಷ್ಟ ಎಂದು ಹೇಳಲು ಅವರಿಗೆ ಬರಲಿಲ್ಲ. ಕೊಡಬೇಕು ಎಂದು ಆದೇಶವಾಯಿತು. ಅರ್ಧ ಗೆಲುವು, ಆದರೆ ನ್ಯಾಯದ ಅರ್ಧ. ಹಿಂದಿನ ಸಾಲಿನಲ್ಲಿ ಕಡತದ ಗಂಟು ಹಿಡಿದು ಕೂತಿದ್ದ ಕಾಕಾನ ಮುಖದಲ್ಲಿ ಏನೂ ಓದಲು ಬರಲಿಲ್ಲ.

ಹೊರಗೆ ಚಹಾ ಕುಡಿಯುವಾಗ ಕೇಳಿದೆ: “ಹೆಂಗ ಮಾತಾಡಿದೆ ಕಾಕಾ?”

“ಪರಿಶೀಲನಿಯಾಗೈತಿ,” ಎಂದರು, ಬಸಿಯಲ್ಲಿ ಚಹಾ ಸುರಿಯುತ್ತ.

ಬಳಗದ ಕತೆ ಇಲ್ಲಿಗೆ ಮುಗಿಯುತ್ತದೆ. ಕಾಕಾನ ಮಾನ ಉಳಿಯಿತು, ಕುರ್ಚಿ ಉಳಿಯಿತು, ಉಳಿಸಿದವಳು ನಾನು. ಈ ಕತೆ ನಿನಗೆ ಹೇಳಿದವರು ಯಾರು ಎಂದು ಅತ್ತಿಯನ್ನು ಕೇಳಿದೆ. “ಮತ್ಯಾರು? ನಿಮ್ಮ ಕಾಕಾನ! ಫೋನ್ ಹಚ್ಚಿ ಹಚ್ಚಿ ಎಲ್ಲಾರಿಗೂ ಹೇಳ್ಯಾನ,” ಎಂದಳು. ಮನೆಯ ಒಂದು ಸುದ್ದಿಯನ್ನೂ ಹೊರಬಿಡದ ಮನುಷ್ಯ ತಾನಾಗಿ ಫೋನ್ ಹಚ್ಚಿ ಹೇಳಿದರೆ? ನನಗೆ ಆಗಲೇ ವಾಸನೆ ಹತ್ತಬೇಕಿತ್ತು.

ಅರಗಿನ ಮೊಹರು ಈಗ ಅವರ ಕೈಯಲ್ಲಿಲ್ಲ. ಗುಟ್ಟಿನ ಕಡತಗಳೆಲ್ಲ ಒಬ್ಬ ಹೊಸ ಜೂನಿಯರಿಗೆ ಹೋಗಿವೆ. ಕಾಕಾ ತಾರೀಖು ಬರೆಯುತ್ತಾರೆ, ಗಂಟು ಕಟ್ಟುತ್ತಾರೆ. “ಕಣ್ಣಿಗೆ ತ್ರಾಸ ಆಕ್ಕೈತಿ ಅಂತ ನಾನ ಬಿಟ್ಟೆ,” ಎನ್ನುತ್ತಾರೆ. ಅದೇ ಕಣ್ಣಿನಿಂದ ಅಕ್ಕಿಯ ಹರಳು ಆರಿಸಿಕೊಡುತ್ತಾರೆ ಎಂದು ಕಾಕು ಹೇಳುತ್ತಾಳೆ.

ಹೋದ ವಾರ ಸ್ಟೇಪ್ಲರ್ ತಾ ಎಂದು ಅವರೇ ನನ್ನನ್ನು ತಮ್ಮ ಮೇಜಿಗೆ ಕಳಿಸಿದರು. ಡ್ರಾದಲ್ಲಿ ಆ ದಪ್ಪ ನೋಟ್‌ಬುಕ್ಕು. ಸುಮ್ಮನೆ ತಿರುವಿದೆ. ದುಂಡನೆಯ ಅಕ್ಷರದಲ್ಲಿ ಒಂದು ಪುಟ: ‘ಕಂಪ್ಯೂಟರಿನಲ್ಲಿ ಗೆರೆ ಎಳೆಯುವುದು. ಕಡತ ತೆರೆ. ಚೌಕ ಎಳೆ. ಕರೀ ಬಣ್ಣ ತುಂಬು. ಮುಗೀತು.’

ಆ ‘ಮುಗೀತು’ ನನ್ನ ಮಾತು. ಇದನ್ನು ಅವರಿಗೆ ಹೇಳಿಕೊಟ್ಟ ದಿನ ನನಗೆ ಧಾರವಾಡದಲ್ಲಿ ಚರ್ಚಾಸ್ಪರ್ಧೆ, ಒಂದು ಕಾಲು ಚಪ್ಪಲಿಯಲ್ಲಿತ್ತು. ಕಾಕಾ ಎರಡು ಸಲ ಕೇಳಿದ್ದರು: “ಕೆಳಗಿನ ಅಕ್ಷರ ಖರೇನ ಹೋಗ್ತಾವೇನವಾ?” ನಾನು ಅಂದಿದ್ದೆ: “ಕಾಣಂಗಿಲ್ಲಲ್ರಿ ಕಾಕಾ, ಮತ್ತೇನ್ ಬೇಕು! ಮುಗೀತು!” ಎಲ್ಲದಕ್ಕೂ ಸಾಕ್ಷಿ ಕೇಳುವ ನಾನು ಒಮ್ಮೆಯೂ ಮೌಸು ಎಳೆದು ನೋಡಿರಲಿಲ್ಲ. ಕಿಟಕಿಯ ಬೆಳಕಿಗೆ ಹಿಡಿದೇ ನಂಬುವ ಅವರು, ನನ್ನ ಮಾತನ್ನು ಮಾತ್ರ ಹಿಡಿದು ನೋಡಿರಲಿಲ್ಲ.

ಪುಟದ ನೆತ್ತಿಯ ಮೇಲೆ ‘ಹೇಳಿಕೊಟ್ಟವರು’ ಎಂದಿತ್ತು. ಅದರ ಮುಂದೆ, ಹೆಸರು ಇರಬೇಕಾದಲ್ಲಿ, ದಪ್ಪನೆಯ ಕರೀ ಗೆರೆ. ಹಾಳೆಯನ್ನು ಕಿಟಕಿಗೆ ಹಿಡಿದೆ. ಮಸಿ ಹಿಂದಿನ ಮೂರು ಹಾಳೆಗೆ ಇಳಿದಿತ್ತು. ಒಂದಕ್ಷರವೂ ಕಾಣಲಿಲ್ಲ.

ಕಾಕಾ, ಆ ಶನಿವಾರ ವಕೀಲರು ಚಹಾ ಬರುವ ಮೊದಲು ಒಂದು ಮಾತು ಕೇಳಿಯೇ ಇರಬೇಕು: “ಹಿಂಗ ಮಾಡಂತ ನಿಮಗ ಯಾರ್ ಕಲಿಸಿದ್ರು?” ಅಂತ. ನೀವು ಏನಂದ್ರಿ?