ಗುರುಗಳ ಕೆನ್ನೆ ಮತ್ತು ನನ್ನ ಸೋಲ್ಡರಿಂಗ್ ಸ್ಟೇಷನ್

ರಿಪೇರಿ ಅಂಗಡಿಗೆ ಜನ ಕೆಟ್ಟ ಸಾಮಾನು ಮಾತ್ರ ತರುತ್ತಾರೆ ಅಂತ ನೀವು ತಿಳಿದುಕೊಂಡಿರಬಹುದು. ಹಾಗೇನಿಲ್ಲ. ಸಾಮಾನಿನ ಜೊತೆ ಒಂದೊಂದು ಪ್ರಸಂಗವನ್ನೂ ತರುತ್ತಾರೆ. ಸಾಮಾನು ರಿಪೇರಿಯಾಗಿ ಮನೆಗೆ ಹೋಗುತ್ತದೆ, ಪ್ರಸಂಗ ನನ್ನ ಹತ್ತಿರವೇ ಉಳಿಯುತ್ತದೆ. ಮೂಡಿಗೆರೆಯಲ್ಲಿ ರೇಡಿಯೋ, ಟೀವಿ ರಿಪೇರಿ ಮಾಡಿಕೊಂಡು ಕೂತವನಿಗೆ ಇದು ತಪ್ಪಿದ್ದಲ್ಲ.

ಈಗ ಹೇಳುವುದೆಲ್ಲ ಒಂದು ಸೋಲ್ಡರಿಂಗ್ ಸ್ಟೇಷನ್ನಿನ ಸುತ್ತ ನಡೆದದ್ದು. ಸ್ಟೇಷನ್ ಅಂದರೆ ಏನೋ ದೊಡ್ಡದಲ್ಲ. ಬೆಸುಗೆ ಹಾಕುವ ಐರನ್ನಿಗೆ ಒಂದು ಡಬ್ಬಿ, ಡಬ್ಬಿಗೆ ಒಂದು ತಿರುಗಿಸುವ ಗುಂಡಿ. ಇಷ್ಟು ಕಾವು ಇರಲಿ ಅಂದರೆ ಅಷ್ಟೇ ಇರುತ್ತದೆ. ಇಷ್ಟಕ್ಕಾಗಿ ನಾನು ನನ್ನ ಗುರುಗಳನ್ನೇ ಕಳೆದುಕೊಳ್ಳುವುದರಲ್ಲಿದ್ದೆ.

೧. ಅರ್ಧ ಗಡ್ಡ

ಕೆಲಸ ಕಲಿತದ್ದು ಕೊಟ್ಟಿಗೆಹಾರದಲ್ಲಿ, ತೊಂಬತ್ತರ ದಶಕದ ಶುರುವಿನಲ್ಲಿ. ಗುರುಗಳದ್ದು ಒಂದೇ ಬಾಗಿಲಿನ ರೇಡಿಯೋ ಅಂಗಡಿ. ಅವರ ಹತ್ತಿರ ಇದ್ದದ್ದು ಮರದ ಹಿಡಿಯ ಒಂದು ಹಳೇ ಐರನ್. ಅದು ಕಾದಿದೆಯೋ ಇಲ್ಲವೋ ಅಂತ ನೋಡುವುದಕ್ಕೆ ಅವರದ್ದೊಂದು ಪದ್ಧತಿ: ಐರನ್ನಿನ ತುದಿಯನ್ನು ಕೆನ್ನೆಯ ಹತ್ತಿರ, ಎರಡು ಬೆರಳು ದೂರದಲ್ಲಿ ಹಿಡಿಯುವುದು. ಕಣ್ಣು ಮುಚ್ಚಿ ಒಂದು ಕ್ಷಣ ಹಿಡಿದು, "ಹೂಂ, ಆಯ್ತು" ಅಂದರೆ ಆಯಿತು. ಬೆಸುಗೆಯ ಸೀಸ ಇಟ್ಟರೆ ನೀರಾಗಿ ಹರಿಯುತ್ತಿತ್ತು. ಒಂದು ದಿನವೂ ತಪ್ಪಿದ್ದು ನಾನು ನೋಡಲಿಲ್ಲ.

"ಕಾವು ಕೆನ್ನೆಗೆ ಗೊತ್ತಾಗ್ಬೇಕು ಮಾರಾಯ. ಕೈ ಸುಳ್ಳು ಹೇಳ್ತದೆ, ಕೆನ್ನೆ ಹೇಳೋದಿಲ್ಲ" ಅನ್ನುತ್ತಿದ್ದರು.

ನಾನೂ ಕಲಿತೆ. ಆದರೆ ಆ ವರ್ಷ ಡಿಸೆಂಬರಿನಲ್ಲಿ ಶಬರಿಮಲೆಗೆ ಹೋಗಲು ಮಾಲೆ ಹಾಕಿದ್ದೆ. ಮಾಲೆ ಹಾಕಿದ ಮೇಲೆ ಗಡ್ಡ ತೆಗೆಯುವಂತಿಲ್ಲ. ತಿಂಗಳ ಗಡ್ಡ ಒತ್ತಾಗಿ ಬೆಳೆದಿತ್ತು. ಕೆನ್ನೆಗೆ ಕಾವು ತಾಗುತ್ತಲೇ ಇಲ್ಲವಲ್ಲ ಅಂತ ಐರನ್ನನ್ನು ಇನ್ನೂ ಹತ್ತಿರ ತಂದೆ, ಮತ್ತೂ ಹತ್ತಿರ ತಂದೆ. ಚರ್ರ್ ಅಂತು. ಅಂಗಡಿ ತುಂಬ ಕೋಳಿ ಸುಟ್ಟ ವಾಸನೆ.

ಗುರುಗಳು ತಲೆ ಎತ್ತದೆ, "ಈಗ ಕಾದಿದೆ, ಕೆಲಸ ಶುರು ಮಾಡು" ಅಂದರು.

ಬಲಗಡೆಯ ಗಡ್ಡ ಹೋಗಿತ್ತು, ಎಡಗಡೆಯದನ್ನು ತೆಗೆಯಲು ವ್ರತ ಬಿಡುತ್ತಿರಲಿಲ್ಲ. ಹಾಗೇ ಇರುಮುಡಿ ಹೊತ್ತು ಬೆಟ್ಟ ಹತ್ತಿದೆ. ದಾರಿಯಲ್ಲಿ ಬೇರೆ ತಂಡದವರೊಬ್ಬರು ಬಹಳ ಹೊತ್ತು ನನ್ನ ಮುಖ ನೋಡಿ, ಕೈ ಮುಗಿದು ಕೇಳಿದರು: "ಅರ್ಧ ಹರಕೆ ಹೋಗೋವಾಗ, ಇನ್ನರ್ಧ ಬರೋವಾಗಲಾ ಸ್ವಾಮಿ?"

೨. ಮೇಸ್ತ್ರಿಯ ಹಲ್ಲು

ಮೂಡಿಗೆರೆಯಲ್ಲಿ ನನ್ನದೇ ಅಂಗಡಿ ಇಟ್ಟ ಮೇಲೂ ಪದ್ಧತಿ ಗುರುಗಳದ್ದೇ. ಗುರುಗಳು ಅಂಗಡಿ ಮುಚ್ಚಿ ಮನೆಯಲ್ಲಿದ್ದರು. ಪ್ರತಿ ಶನಿವಾರ ಬಸ್ಸು ಹತ್ತಿ ನನ್ನ ಅಂಗಡಿಗೆ ಬರುತ್ತಿದ್ದರು. ಸ್ಟೂಲಿನ ಮೇಲೆ ಕೂತು ನಾನು ಹಾಕಿದ ಬೆಸುಗೆಗಳನ್ನೆಲ್ಲ ನೋಡಿ ತಪ್ಪು ತೆಗೆಯುವುದು ಅವರ ವಾರದ ಕೆಲಸ. ಆಗಲೇ ಕಿವಿ ಸ್ವಲ್ಪ ಮಂದವಾಗಿ, ಜೇಬಿನಲ್ಲಿಡುವ ಬೆಂಕಿಪೊಟ್ಟಣದಂಥ ಕಿವಿ ಮೆಷಿನ್ ಬಂದಿತ್ತು. ಅದರಿಂದ ಒಂದು ವೈರು ಕಿವಿಗೆ. ಅವರು ಬಂದರೆ ನನಗೆ ಬೈಗುಳ, ಬಾರದಿದ್ದರೆ ಏನೋ ಕಳೆದುಕೊಂಡ ಹಾಗೆ.

ಒಂದು ಜನವರಿ, ಕಾಫಿ ಕೊಯ್ಲಿನ ಸಮಯ. ಸುತ್ತಲಿನ ತೋಟಗಳಲ್ಲಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮೋಟಾರುಗಳು ಶುರುವಾದರೆ ಊರಿನ ವೋಲ್ಟೇಜ್ ನೆಲ ಕಚ್ಚುತ್ತಿತ್ತು. ಬಲ್ಬು ಕೆಂಪಗಾಗುತ್ತಿತ್ತು, ಐರನ್ ಕಾಯುತ್ತಲೇ ಇರಲಿಲ್ಲ. ಅಂಥ ದಿನವೇ ಒಬ್ಬರು ಎಸ್ಟೇಟ್ ಯಜಮಾನರು, ಪಾರ್ಚ್‌ಮೆಂಟ್ ಕಾಫಿ, ಅಂದರೆ ಸಿಪ್ಪೆ ಬಿಡಿಸಿ ತೊಳೆದ ಬೀಜ, ಎಷ್ಟು ಒಣಗಿದೆ ಅಂತ ನೋಡುವ ಮೀಟರ್ ತಂದರು.

"ಕಾಫಿ ಹಾಕಿದ್ರೂ ಹನ್ನೊಂದು ತೋರಿಸ್ತದೆ, ಭತ್ತ ಹಾಕಿದ್ರೂ ಹನ್ನೊಂದು. ನಮ್ಮ ತೋಟದ ಲೆಕ್ಕ ಬರೆಯೋ ರೈಟರ್ ಬೆರಳು ಇಟ್ಟ, ಅವನೂ ಹನ್ನೊಂದೇ" ಅಂದರು.

ಒಳಗೆ ಒಂದು ಬೆಸುಗೆ ಬಿಟ್ಟಿತ್ತು, ಐದು ನಿಮಿಷದ ಕೆಲಸ. ಐರನ್ ಅರ್ಧ ಕಾದಿತ್ತು. ಸೀಸ ಕರಗಲಿಲ್ಲ. ಒತ್ತಿ ಹಿಡಿದೆ, ಇನ್ನೂ ಹಿಡಿದೆ. ಅಷ್ಟರಲ್ಲಿ ಪಕ್ಕದ ತೋಟದ ಮೋಟಾರು ನಿಂತಿತು, ವೋಲ್ಟೇಜ್ ಒಮ್ಮೆಲೇ ಏರಿತು. ನಾನು ಕೈ ತೆಗೆಯುವುದರೊಳಗೆ ಬೋರ್ಡಿನ ಮೇಲಿನ ತಾಮ್ರದ ಗೆರೆ ಸಿಪ್ಪೆಯ ಹಾಗೆ ಎದ್ದು ಬಂತು.

ಕೆಟ್ಟದ್ದನ್ನು ಸರಿ ಮಾಡಲಾಗದಿದ್ದರೆ ಒಂದು ಮಾತು, ಸರಿಯಿದ್ದದ್ದನ್ನು ನಾನೇ ಕೆಡಿಸಿದ್ದೆ. ತಪ್ಪು ಒಪ್ಪಿಕೊಂಡು, ಸರಿ ಮಾಡಲು ಹದಿನೈದು ದಿನ ಕೇಳಿದೆ.

ಯಜಮಾನರು ದೊಡ್ಡ ಮನುಷ್ಯರು, ಬೈಯಲಿಲ್ಲ. "ಮೀಟರ್ ಬರೋ ಮೊದ್ಲು ನಮ್ಮ ತೋಟದ ಮೇಸ್ತ್ರಿ ಬೀಜ ಕಚ್ಚಿ ನೋಡೇ ಒಣಗಿದ್ಯೋ ಇಲ್ವೋ ಹೇಳ್ತಿದ್ದ. ಈಗ್ಲೂ ಹೇಳ್ತಾನೆ. ಆದ್ರೆ ಬೇಗ ಮಾಡ್ರಿ" ಅಂದರು. "ಯಾಕೆ?" ಅಂದೆ.

"ಅವನಿಗೆ ಈಗ ಉಳಿದಿರೋದು ಮೂರೇ ಹಲ್ಲು."

೩. ನಂಬರಿನ ಪರೀಕ್ಷೆ

ಕೆನ್ನೆ ಎಷ್ಟೇ ಸತ್ಯ ಹೇಳಿದರೂ ಬೆಸುಗೆಯ ನಡುವೆ ವೋಲ್ಟೇಜ್ ಏರಿದ್ದನ್ನು ಹೇಳುವುದಿಲ್ಲ ಅಂತ ಅವತ್ತು ಗೊತ್ತಾಯಿತು. ಬರುವ ಬೋರ್ಡುಗಳೂ ವರ್ಷದಿಂದ ವರ್ಷಕ್ಕೆ ಸಣ್ಣವಾಗುತ್ತಿದ್ದವು. ಸ್ಟೇಷನ್ ಕೊಳ್ಳಲು ಚಾರ್ಮಾಡಿ ಘಾಟಿ ಇಳಿದು ಮಂಗಳೂರಿಗೆ ಹೋದೆ.

ಅಂಗಡಿಯವರು ನಾಲ್ಕು ಸ್ಟೇಷನ್ ಸಾಲಾಗಿ ಇಟ್ಟರು. ಎಲ್ಲವೂ ಚಂದ. ದೊಡ್ಡ ಡಬ್ಬಿ ಒಳ್ಳೆಯದೋ, ಸಣ್ಣದೋ? ಬೆಳಕಿನ ನಂಬರು ಬೇಕೋ, ಬರೀ ಗುಂಡಿ ಸಾಕೋ? ನನಗೆ ತಲೆಬುಡ ಗೊತ್ತಿಲ್ಲ. ಐರನ್ನಿನ ಚಂದ ನೋಡಬೇಡ, ತಾಮ್ರಕ್ಕೆ ಇಟ್ಟಾಗ ಕಾವು ನಿಲ್ಲುತ್ತದೋ ನೋಡು ಅಂತ ಗುರುಗಳು ಹೇಳಿಕೊಟ್ಟದ್ದನ್ನೇ ನೆನೆಸಿಕೊಂಡೆ. ಜೊತೆಗೆ ಒಯ್ದಿದ್ದ ಹಳೇ ಬೋರ್ಡಿನ ದಪ್ಪ ತಾಮ್ರಕ್ಕೆ ಒಂದೊಂದರ ತುದಿಯನ್ನೂ ಇಟ್ಟು ನೋಡಿದೆ. ಮೂರು ಸ್ಟೇಷನ್ನುಗಳು ತಾಮ್ರ ತಾಗಿದ ಕೂಡಲೇ ತಣ್ಣಗಾಗಿ ಕೂತವು. ನಾಲ್ಕನೆಯದು ಮಾತ್ರ ಕಳೆದುಕೊಂಡ ಕಾವನ್ನು ಉಸಿರು ಬಿಡುವುದರೊಳಗೆ ಮತ್ತೆ ತಂದುಕೊಂಡಿತು. ಹಿಡಿ ಹಗುರ, ವೈರು ಮೆತ್ತಗೆ, ಅರ್ಥಿಂಗ್ ಸರಿಯಾಗಿತ್ತು, ಬೇರೆ ತುದಿಗಳೂ ಅಲ್ಲೇ ಸಿಗುತ್ತಿದ್ದವು. ಅದು ನಾಲ್ಕರಲ್ಲಿ ಎಲ್ಲಕ್ಕಿಂತ ಕುರೂಪಿ.

ಕೊನೆಗೆ ಅಭ್ಯಾಸಬಲದಿಂದ ಐರನ್ನನ್ನು ಕೆನ್ನೆಯ ಹತ್ತಿರ ತಂದೆ. ಅಂಗಡಿಯವರು ಹಾರಿ ಬಂದು ನನ್ನ ಕೈ ಹಿಡಿದರು.

"ಅಯ್ಯೋ ಎಂಥ ಮಾಡ್ತೀರಿ ಮಾರಾಯ್ರೆ! ಡಬ್ಬಿಯಲ್ಲೇ ನಂಬರ್ ತೋರಿಸ್ತದಲ್ಲ, ಮುನ್ನೂರೈವತ್ತು ಡಿಗ್ರಿ ಉಂಟು!"

"ಅದು ಸುಳ್ಳು ಹೇಳ್ತಿದ್ಯಾ ಅಂತ ನೋಡ್ದೆ" ಅಂದೆ.

೪. ದೇವರ ಡಿಗ್ರಿ

ಮೀಟರ್ ಸರಿಹೋಯಿತು. ಮೇಸ್ತ್ರಿಯ ಮೂರು ಹಲ್ಲೂ ಉಳಿದವು. ಸ್ಟೇಷನ್ ನೋಡಲು ಊರಿನವರು ಬರತೊಡಗಿದರು. ಪಕ್ಕದ ಹೋಟೆಲಿನ ಯಜಮಾನರು ಮೊದಲ ದಿನ ಊದುಬತ್ತಿ ಹಿಡಿದು ಬಂದು, "ಬೆಂಕಿಪೊಟ್ಟಣ ಥಂಡಿ ಹಿಡಿದಿದೆ, ಇದ್ರಲ್ಲಿ ಹತ್ತುತ್ತಾ?" ಅಂದರು. ಹತ್ತಿತು. ಆಮೇಲೆ ದಿನಾ ಬೆಳಿಗ್ಗೆ ಬಂದರು. ಒಂದು ತಿಂಗಳಾದ ಮೇಲೆ, "ಬೇಸಿಗೆ ಬಂತಲ್ಲ, ಬೆಂಕಿಪೊಟ್ಟಣ ಒಣಗಿರ್ಬೇಕು" ಅಂದೆ. "ಒಣಗಿದೆ. ಆದ್ರೆ ನಮ್ಮ ಗಣಪತಿಗೆ ಮುನ್ನೂರೈವತ್ತು ಅಭ್ಯಾಸ ಆಗ್ಬಿಟ್ಟಿದೆ" ಅಂದರು.

ಎಲ್ಲರೂ ನೋಡಿ ಸಂತೋಷಪಟ್ಟರು, ಒಬ್ಬರನ್ನು ಬಿಟ್ಟು. ಗುರುಗಳು ಮೊದಲ ಶನಿವಾರವೇ ಬಂದು ಡಬ್ಬಿಯನ್ನು ನೋಡಿದರು, ನನ್ನನ್ನು ನೋಡಿದರು. "ಕಾವು ಎಷ್ಟು ಅಂತ ನಿಂಗೆ ಇನ್ನು ಡಬ್ಬಿ ಹೇಳ್ತದಾ? ಹಾಗಾದ್ರೆ ನಾನ್ಯಾಕೆ ಬರ್ಲಿ?" ಅಂದು ಸ್ಟೂಲಿನ ಮೇಲೂ ಕೂರದೆ ಹೋದರು. ಮುಂದಿನ ಶನಿವಾರ ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಹೊರನಾಡಿಗೆ ಹೋಗುವಾಗ ಕೊಟ್ಟಿಗೆಹಾರದಲ್ಲಿ ಇಳಿದು ಅವರ ಮನೆಗೂ ಹೋದೆ. ಕಾಫಿ ಕೊಟ್ಟರು, ಮಾತು ಕೊಡಲಿಲ್ಲ.

ನನಗೆ ಅದು ತುಂಬ ನೋವಾಯಿತು. ಅವರಿಗೆ ಸಿಟ್ಟು ಬಂದಿದ್ದರೆ ತಡೆದುಕೊಳ್ಳಬಹುದಿತ್ತು. ತಾವು ಕಲಿಸಿದ್ದು ಇನ್ನು ಯಾರಿಗೂ ಬೇಡ ಅಂತ ಅವರಿಗೆ ಅನ್ನಿಸಿತ್ತು. ಮಂಗಳೂರಿನಲ್ಲಿ ಆ ಕುರೂಪಿಯನ್ನು ಆರಿಸಿದ್ದು ಅವರ ಪಾಠದಿಂದಲೇ ಅಂತ ಹೇಳಲು ಅವರು ನನ್ನನ್ನು ಬಿಡಲೇ ಇಲ್ಲ.

೫. ಗುಂಯ್

ನಾಲ್ಕು ತಿಂಗಳು ಕಳೆದ ಮೇಲೆ ಒಂದು ಶನಿವಾರ ಗುರುಗಳು ಬಾಗಿಲಲ್ಲಿ ನಿಂತಿದ್ದರು. ನಾನು ಎದ್ದು, "ಬನ್ನಿ ಗುರುಗಳೇ" ಅಂದೆ. ಅವರಿಗೆ ಕೇಳಲಿಲ್ಲ. ಕಿವಿ ಮೆಷಿನ್ನನ್ನು ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟು, ಗೋಡೆ ನೋಡುತ್ತಾ ಸ್ಟೂಲಿನ ಮೇಲೆ ಕೂತರು.

ಬಿಚ್ಚಿದೆ. ಒಳಗಿನ ಸಣ್ಣ ಬೋರ್ಡಿನಲ್ಲಿ ಒಂದು ದಪ್ಪ ಬೆಸುಗೆ, ಪಕ್ಕದಲ್ಲಿ ಎದ್ದು ಬಂದ ತಾಮ್ರದ ಗೆರೆ. ಯಾರ ಕೈ ಅಂತ ನೋಡಿದ ಕೂಡಲೇ ಗೊತ್ತಾಯಿತು. ಆ ಕೈಯೇ ನನಗೆ ಕಲಿಸಿದ್ದು. ಮನೆಯಲ್ಲಿ ತಾವೇ ಸರಿ ಮಾಡಲು ಹೋಗಿದ್ದರು. ಕಾವು ಕೆನ್ನೆಗೆ ಸರಿಯಾಗೇ ತಿಳಿದಿರಬೇಕು, ಕಣ್ಣಿಗೆ ಗೆರೆ ಕಂಡಿರಲಿಲ್ಲ. ನಾನು ತಲೆ ಎತ್ತಲಿಲ್ಲ, ಅವರೂ ಗೋಡೆಯಿಂದ ಕಣ್ಣು ತೆಗೆಯಲಿಲ್ಲ.

ಕೂದಲಿನಂಥ ತಂತಿ ತೆಗೆದುಕೊಂಡು, ಸಣ್ಣ ತುದಿ ಹಾಕಿ, ಹರಿದ ಗೆರೆಗೆ ಸೇತುವೆ ಕಟ್ಟಿದೆ. ಸ್ಟೇಷನ್ನಿನ ಕಾವು ಒಂದಿಷ್ಟೂ ಏರಿಳಿಯಲಿಲ್ಲ. ಮುಚ್ಚಿ ಅವರ ಜೇಬಿಗೆ ಹಾಕಿ, ಕಿವಿಗೆ ಸಿಕ್ಕಿಸಿದೆ.

"ಕೇಳಿಸ್ತದಾ ಗುರುಗಳೇ?"

ಅವರು ನನ್ನ ಮಾತಿಗಲ್ಲ, ಬೇರೇನಕ್ಕೋ ಕಿವಿಗೊಟ್ಟು ಹುಬ್ಬು ಗಂಟಿಕ್ಕಿ, "ಗುಂಯ್ ಅಂತದೆ" ಅಂದರು. ಎದ್ದು ಬಾಗಿಲಿಗೆ ಹೋದರು, ವಾಪಸ್ ಬಂದರು, ಮೇಜಿನ ಹತ್ತಿರ ಬಗ್ಗಿದರು. ಮುಖ ಒಮ್ಮೆಲೇ ಅರಳಿತು. ನಾಲ್ಕು ತಿಂಗಳಲ್ಲಿ ಆ ಮುಖದಲ್ಲಿ ನಗು ನೋಡಿರಲಿಲ್ಲ.

"ನಿನ್ನ ಡಬ್ಬಿ ಕಣೋ! ಹತ್ರ ಬಂದ್ರೆ ಜೋರು, ದೂರ ಹೋದ್ರೆ ಕಮ್ಮಿ. ಒಳಗಿನ ಟ್ರಾನ್ಸ್‌ಫಾರ್ಮರ್ ಪಟ್ಟಿ ಲೂಸಾಗಿದೆ. ಎಂಥದ್ದು ತಂದ್ಯೋ ಮಾರಾಯ, ನನ್ನನ್ನೊಂದು ಮಾತು ಕೇಳ್ಬಾರ್ದಾ?"

ನಾನು ಡಬ್ಬಿಗೆ ಕಿವಿ ಇಟ್ಟೆ. ಏನೂ ಇಲ್ಲ. ಆಗ ಅವರ ಜೇಬಿನ ಕಡೆ ನೋಡಿದೆ. ಕಿವಿ ಮೆಷಿನ್ನಿನಲ್ಲಿ ಒಂದು ಸಣ್ಣ ಸ್ವಿಚ್ ಇರುತ್ತದೆ: ಒಂದು ಕಡೆ ಮಾತಿಗೆ, ಇನ್ನೊಂದು ಕಡೆ ಟೆಲಿಫೋನಿಗೆ. ಟೆಲಿಫೋನಿನ ಕಡೆ ಇದ್ದರೆ ಎದುರಿನ ಮಾತು ಕೇಳುವುದಿಲ್ಲ. ಹತ್ತಿರದಲ್ಲಿ ಯಾವ ಟ್ರಾನ್ಸ್‌ಫಾರ್ಮರ್ ಇದ್ದರೂ, ಅದರ ಪಟ್ಟಿ ಎಷ್ಟೇ ಬಿಗಿಯಾಗಿರಲಿ, ಕಿವಿಯಲ್ಲಿ ಗುಂಯ್ ಅನ್ನುತ್ತದೆ. ಮುಚ್ಚುವ ಗಡಿಬಿಡಿಯಲ್ಲಿ ನಾನೇ ಸ್ವಿಚ್ಚನ್ನು ಆ ಕಡೆ ತಳ್ಳಿದ್ದೆ.

ಕೈ ಸನ್ನೆ ಮಾಡಿ ಹೇಳಬಹುದಿತ್ತು. ಆದರೆ ಗುರುಗಳು ಆಗಲೇ ಅಂಗಿಯ ತೋಳು ಮಡಚಿ ಸ್ಕ್ರೂಡ್ರೈವರ್ ಹಿಡಿದಿದ್ದರು. ನಾನು ಪ್ಲಗ್ ಕಿತ್ತೆ. ಅವರು ಡಬ್ಬಿ ಬಿಚ್ಚಿ, ಮೊದಲೇ ಬಿಗಿಯಾಗಿದ್ದ ನಾಲ್ಕು ಸ್ಕ್ರೂಗಳನ್ನು ಇನ್ನಷ್ಟು ಬಿಗಿ ಮಾಡಿದರು. ಅವರು ಬಗ್ಗಿದ್ದಾಗ, ಜಾರುತ್ತಿದ್ದ ಮೆಷಿನ್ನನ್ನು ಜೇಬಿಗೆ ಸರಿಯಾಗಿ ಸೇರಿಸುವವನ ಹಾಗೆ ಮಾಡಿ ಸ್ವಿಚ್ಚನ್ನು ಮಾತಿನ ಕಡೆಗೆ ತಳ್ಳಿದೆ. ಆಮೇಲೆ ಪ್ಲಗ್ ಹಾಕಿದೆ.

ಗುರುಗಳು ಕಣ್ಣು ಮುಚ್ಚಿ ನಿಂತರು, ಕೆನ್ನೆಗೆ ಐರನ್ ಹಿಡಿದಾಗ ನಿಲ್ಲುತ್ತಿದ್ದ ಹಾಗೆ. "ಕೇಳ್ತಾ?" ಅಂದರು.

"ಏನೂ ಇಲ್ವಲ್ಲ ಗುರುಗಳೇ."

"ಅದೇ! ಏನೂ ಇರ್ಬಾರ್ದು. ಈಗ ಒಳ್ಳೆ ಮೆಷಿನ್ ಆಯ್ತು ನೋಡು" ಅಂದು ಸ್ಟೂಲಿನ ಮೇಲೆ ಕೂತು, ನಾಲ್ಕು ತಿಂಗಳ ಬಾಕಿ ಬೈಗುಳವನ್ನೆಲ್ಲ ಒಂದೇ ಸಲ ಬೈದರು. ಕೇಳಲು ಹಿತವಾಗಿತ್ತು. ಹೊರಡುವಾಗ ಮಾತ್ರ ಬಾಗಿಲಲ್ಲಿ ನಿಂತು ನನ್ನನ್ನೇ ನೋಡಿದರು. "ಅಷ್ಟು ದೊಡ್ಡ ಶಬ್ದ ನಿಂಗೆ ಕೇಳಿಸ್ಲೇ ಇಲ್ವಲ್ಲೋ" ಅಂದು ತಲೆ ಅಲ್ಲಾಡಿಸಿದರು.

ಮುಂದಿನ ಶನಿವಾರ ಮೊದಲ ಬಸ್ಸಿಗೇ ಬಂದರು. ಕೈಯಲ್ಲಿ ಒಂದು ಸಣ್ಣ ಬಾಟಲಿ, ಮನೆಯಲ್ಲೇ ಕಾಯಿಸಿದ ಬೆಳ್ಳುಳ್ಳಿ ಎಣ್ಣೆ.

"ಕಿವಿ ಕೊಡು" ಅಂದರು.

ನಾನು ತಲೆ ವಾಲಿಸಿ ಕೊಟ್ಟೆ. ಎಣ್ಣೆ ಇನ್ನೂ ಬೆಚ್ಚಗಿತ್ತು. ಎರಡು ಹನಿ ಆಯಿತು, ಮೂರಾಯಿತು, ನಾಲ್ಕು, ಐದು. ತಡೆಯಲಾರದೆ, "ಸಾಕು ಗುರುಗಳೇ, ಸಾಕು!" ಅಂತ ಕೂಗಿದೆ.

"ಮೆತ್ತಗೆ ಹೇಳೋ" ಅಂದರು ಗುರುಗಳು, "ಕಿವಿ ಕೇಳ್ದೇ ಇರೋದು ನಿಂಗೆ, ನಂಗಲ್ಲ."