ಎಂಟುನೂರು ಗ್ರಾಂ ಟೆಂಟಿಗೆ, ಮಿಡಿಗೇಶಿ ಬೆಟ್ಟದಲ್ಲಿ ನೆಂದವನ ಅರಿಕೆ

ಮಾನ್ಯ ಟೆಂಟ್‌ರವರ ಸನ್ನಿಧಾನಕ್ಕೆ,

ವೈ.ಎನ್.ಹೊಸಕೋಟೆಯ ಗಣಿತದ ಮೇಷ್ಟ್ರು ಚಿಕ್ಕನರಸಯ್ಯನು ನೆಗಡಿಯ ಮೂಗು ಒರೆಸಿಕೊಳ್ಳುತ್ತ ಮಾಡುವ ನಮಸ್ಕಾರಗಳು. ನಾನು ಹಾಸಿಗೆಯಲ್ಲಿ ಕ್ಷೇಮ. ತಾವೂ ನಮ್ಮ ಹಿತ್ತಲಿನಲ್ಲಿ ಕ್ಷೇಮವೆಂದು ನಂಬಿದ್ದೇನೆ.

ನನ್ನ ಮಗಳು ಅನುಷಾ ಬಿಎಸ್ಸಿ ಪರೀಕ್ಷೆಗೆಂದು ಪಾವಗಡದಿಂದ ಮಧುಗಿರಿಯವರೆಗಿನ ಬೆಟ್ಟಗಳ ಹುಲ್ಲುಗಳನ್ನು ನಡೆದೇ ಕೂಡಿಸಿ, ಹಳೆಯ ಪೇಪರುಗಳ ನಡುವೆ ಒತ್ತಿಟ್ಟು, ಸೋಮವಾರ ಕಾಲೇಜಿಗೆ ಒಪ್ಪಿಸಬೇಕಿತ್ತೆಂಬುದು ತಮಗೆ ಗೊತ್ತೇ ಇದೆ. ನಲವತ್ತೊಂದು ಬಗೆಯ ಹುಲ್ಲು! ಒಂದು ಸಲ ನೆಂದರೆ ಬೂಜು ಹಿಡಿದು ಅವಳ ವರ್ಷದ ಓದೇ ನೀರುಪಾಲಾಗುತ್ತಿತ್ತು. ಕಾವಲಿಗೆ ಹೊರಟ ನನಗೆ ಅಕ್ಕ ದೊಡ್ಡಕ್ಕ, “ಲೇ ನರ್ಸಯ್ಯ, ಈ ಕಂಬ್ಳಿ ಹೊತ್ಕಂಡೋಗ್ಲಾ, ಆ ಕರ್ಚೀಪು ನಂಬ್ಕಂಡ್ರೆ ಕೆಟ್ಟೆ” ಎಂದಳು. ಕರ್ಚೀಪೆಂದದ್ದು ತಮ್ಮನ್ನೇ. ಮೂರು ಕೆಜಿಯ ಕಂಬಳಿ ಯಾರಿಗೆ ಬೇಕೆಂದು ನಾನು ನಕ್ಕೆ.

ಮೂರನೆಯ ದಿನ ಮಧ್ಯಾಹ್ನ ಮಿಡಿಗೇಶಿ ಬೆಟ್ಟದ ಮೇಲೆ ಮೋಡ ಕವಿಯಿತು. ನಮ್ಮ ಬರದ ಸೀಮೆಯಲ್ಲಿ ಮಳೆಯನ್ನು ಬೈಯುವ ಪದ್ಧತಿ ಇಲ್ಲ. ಮದುವೆ ಊಟದ ಎಲೆಯ ಮೇಲೆ ಸುರಿದರೂ “ಬರ್ಲಿ ಬುಡು” ಎನ್ನುತ್ತೇವೆ. ಆದ್ದರಿಂದ ಬೈಗುಳವೆಲ್ಲ ತಮ್ಮ ಪಾಲಿಗೇ ಬಂದಿದೆ, ದಯವಿಟ್ಟು ಸ್ವೀಕರಿಸಬೇಕು.

ಬಂಡೆಗಳ ನಡುವೆ ಮೆತ್ತನೆಯ ಮಣ್ಣಿನ ತಗ್ಗನ್ನು ಆರಿಸಿ ತಮ್ಮನ್ನು ನಿಲ್ಲಿಸಿದೆ. ಆಮೇಲೆ ಮೂರು ತಲೆಮಾರಿನ ಅಭ್ಯಾಸದಂತೆ, ಇಳಿಜಾರಿನ ಕಡೆಗೆ ಕಲ್ಲು ಮಣ್ಣು ಸೇರಿಸಿ ಗಟ್ಟಿಯಾಗಿ ಒಂದು ಬದು ಹಾಕಿದೆ. ಬಿದ್ದ ಹನಿಯನ್ನು ಹೊಲದಿಂದ ಆಚೆ ಬಿಟ್ಟ ಅಪಕೀರ್ತಿ ನಮ್ಮ ಮನೆತನಕ್ಕಿಲ್ಲ. ಅರ್ಧ ಗಂಟೆಯಲ್ಲಿ ನೀರು ತಮ್ಮ ಹೊಸ್ತಿಲು ದಾಟಿ ಒಳಗೆ ಬಂತು. ಬಂದದ್ದನ್ನು ತಾವು ಒಂದು ತೊಟ್ಟೂ ಹೊರಗೆ ಬಿಡಲಿಲ್ಲ. ಸಾಲದೆಂದು ನಾನು ಗಾಬರಿಯಲ್ಲಿ ಬಿಟ್ಟ ಉಸಿರನ್ನೂ ಚಾವಣಿಯಲ್ಲಿ ಹನಿಗಟ್ಟಿಸಿ ನನ್ನ ಬೋಳು ತಲೆಗೇ ಹಿಂತಿರುಗಿಸಿದಿರಿ. ಇಂಥ ಪ್ರಾಮಾಣಿಕತೆಯನ್ನು ನಾನು ಮನುಷ್ಯರಲ್ಲಿ ಕಂಡಿಲ್ಲ.

ಸೊಂಟದವರೆಗೆ ನೀರಿನಲ್ಲಿ ಕೂತು ತಮ್ಮ ಕಂಬ ಹಿಡಿದುಕೊಂಡಿದ್ದ ನನಗೆ ಹುಲ್ಲಿನ ಕಟ್ಟು ಎಲ್ಲೂ ಕಾಣಲಿಲ್ಲ. ಕೂಗಿಕೊಂಡು ಹೊರಗೆ ಇಣುಕಿದರೆ, ಎತ್ತರದ ಬಂಡೆಯ ಮೇಲೆ ಅನುಷಾ ಕಟ್ಟನ್ನು ಮಡಿಲಲ್ಲಿಟ್ಟುಕೊಂಡು, ತಲೆಯ ಮೇಲಿಂದ ಕಂಬಳಿಯ ಕೊಪ್ಪೆ ಹಾಕಿಕೊಂಡು, ಬೆಚ್ಚಗೆ ಕಡ್ಲೆಕಾಯಿ ತಿನ್ನುತ್ತ ಕೂತಿದ್ದಳು! ಅತ್ತೆ ಕೊಟ್ಟದ್ದನ್ನು ನನಗೆ ಹೇಳದೆ ಹೊತ್ತು ತಂದಿದ್ದಳು. ಇಳಿದು ಬಂದು, ಹಿಮ್ಮಡಿಯಿಂದ ಬದುವನ್ನು ಒಡೆದು, “ಅಪ್ಪಾ, ಇದು ನಮ್ಮೊಲ ಅಲ್ಲ ಕಣಪ್ಪ” ಎಂದಳು. ನನಗೆ ನಾಚಿಕೆಯೂ ಆಯಿತು, ಕಣ್ಣಲ್ಲಿ ನೀರೂ ಬಂತು. ಅಷ್ಟು ನೀರಿನ ನಡುವೆ ಅದನ್ನು ಯಾರೂ ಗಮನಿಸಲಿಲ್ಲವೆಂಬುದೊಂದೇ ಸಮಾಧಾನ.

ಆದಕಾರಣ ತಮ್ಮಲ್ಲಿ ವಿನಂತಿ: ಮುಂದಿನ ಮುಂಗಾರಿನೊಳಗೆ ತಾವು ದಯಮಾಡಿ ಮುನ್ನೂರು ಎಕರೆಯಷ್ಟು ಬೆಳೆದು, ನಮ್ಮೂರ ಕೆರೆಯ ಅಂಗಳದಲ್ಲಿ ಅಂಗಾತ ಮಲಗಿ ಮಳೆನೀರು ಹಿಡಿಯಬೇಕು. ಅಷ್ಟಾಗದಿದ್ದರೆ, ಮಳೆ ಬರುವ ಮುಂಚೆ ಕೆಮ್ಮಿಯಾದರೂ ಸೂಚಿಸಬೇಕು.

ಇನ್ನೂ ಒಣಗದ,
ತಮ್ಮ ವಿಶ್ವಾಸಿ,
ಚಿಕ್ಕನರಸಯ್ಯ

ತಾ.ಕ.: ನಲವತ್ತೊಂದು ಹುಲ್ಲುಗಳೂ ಗರಿಗರಿಯಾಗಿ ಸೋಮವಾರ ಕಾಲೇಜು ಸೇರಿದವು. ಬದುವಿನ ವಿಷಯ ಊರಿನಲ್ಲಿ ಬಾಯಿ ಬಿಡಬೇಡಿ. ದೊಡ್ಡಕ್ಕ ತಮ್ಮನ್ನು ಹಿತ್ತಲಿನಲ್ಲಿ ನಾಲ್ಕು ಗೂಟಕ್ಕೆ ಕಟ್ಟಿ, ನೀರು ತುಂಬಿಸಿ, ದಿನವೂ ಎಮ್ಮೆಗೆ ಕುಡಿಸುತ್ತಿದ್ದಾಳೆ. ಹದಿನೈದು ದಿನವಾಯಿತು, ಒಂದು ಹನಿ ಸೋರಿಲ್ಲ. ತಮ್ಮ ಗ್ಯಾರಂಟಿ ಚೀಟಿಯಲ್ಲಿ ‘ನೀರು ಸೋರದು’ ಎಂದು ಬರೆದದ್ದು ಸುಳ್ಳಲ್ಲವೆಂದು ಎಮ್ಮೆಯ ಪರವಾಗಿ ದೃಢೀಕರಿಸುತ್ತೇನೆ.