ಜಲಸಂಧಿ ಗೇಟ್

ನಮ್ಮ ಸೋದರಮಾವನಿಗೆ ಹೆದರಿ ಒಂದು ಸ್ಟಾಪ್ ಮೊದಲೇ ಬಸ್ಸಿಳಿದು ಬಿಸಿಲಲ್ಲಿ ನಡೆದವರ ಪಟ್ಟಿ ಮಾಡಿದರೆ, ಅದು ನಮ್ಮೂರಿನ ಮತದಾರರ ಪಟ್ಟಿಯೇ ಆದೀತು! ಅವರೇನು ಹೊಡೆಯುವವರಲ್ಲ, ಬಯ್ಯುವವರಲ್ಲ. ಜಲಸಂಧಿಯ ವಿಷಯ ಹೇಳುತ್ತಾರೆ, ಅಷ್ಟೇ.

ಕಂಪಲಾಪುರದ ಹತ್ತಿರ, ನಮ್ಮೂರಿಗೆ ತಿರುಗುವ ಗೇಟಿನ ಕಲ್ಲುಬೆಂಚಿನ ಮೇಲೆ, ತೊಡೆಯ ಮೇಲೊಂದು ಹಳೇ ಭೂಪಟ ಹಾಸಿಕೊಂಡು ಕೂತಿರುತ್ತಾರೆ. ಬಸ್ಸಿಳಿದವರ ಕೈ ಹಿಡಿದು, "ಇಲ್ನೋಡಿ, ಇದು ನಮ್ ದೇಶ, ಇದು ಲಂಕೆ. ಮಧ್ಯ ಇರೋ ನೀರಿಗೆ ಪಾಕ್ ಜಲಸಂಧಿ ಅಂತಾರೆ" ಎಂದು ಶುರು. ಅತ್ತೆ ತೀರಿಕೊಂಡ ಮೇಲೆ ಹತ್ತಿದ ಹುಚ್ಚು. ಜೀವಮಾನವಿಡೀ ಹೊಗೆಸೊಪ್ಪು ಬೆಳೆದು ಬೇಯಿಸಿದವರಿಗೆ ಸಮುದ್ರದ ಉಸಾಬರಿ ಯಾಕೆ, ನೀವೇ ಹೇಳಿ?

ಆ ‘ಪಾಕ್’ ಅನ್ನೋ ಹೆಸರಿನ ಮೇಲೂ ಅವರಿಗೆ ಸಿಟ್ಟು! "ಯಾವನೋ ಮದ್ರಾಸಿನ ಗವರ್ನರ್ ಹೆಸರಂತೆ ಕಣ್ಲಾ! ನಮ್ ಹ್ಯಾಂಡ್‌ಪೋಸ್ಟ್ ಊರ್ನಾಗೆ ದಾರಿ ತೋರ್ಸೋ ಕೈಮರ ನಿಂತಿತ್ತು, ಅದ್ಕೇ ಆ ಹೆಸರು ಬಂತು, ನ್ಯಾಯ. ನೀರ್ ಹತ್ರ ನಿಂತೋರ ಹೆಸರು ಇಡ್ಬೇಕೋ ಬ್ಯಾಡ್ವೋ?"

ಒಮ್ಮೆ ಪಕ್ಕದ ಮನೆಯ ಹುಡುಗಿಯನ್ನು ನೋಡಲು ಪಿರಿಯಾಪಟ್ಟಣದಿಂದ ಗಂಡಿನವರು ಬಂದರು. ಮಾವ ಬಿಟ್ಟರೆ ತಾನೆ? ಜಲಸಂಧಿ ಮುಗಿಯುವಷ್ಟರಲ್ಲಿ ರಾಹುಕಾಲ ಬಂತು, ಬಂದವರು ಹಾಗೇ ಬಸ್ ಹತ್ತಿ ವಾಪಸ್! "ಜಲಸಂಧಿ ಗೊತ್ತಿಲ್ದೋರ ಮನೆಗೆ ಹೆಣ್ ಯಾಕ್ ಕೊಡ್ಬೇಕು ಬುಡು!" ಎಂದರು ಮಾವ.

ನಾನೂ ಅಷ್ಟೇ, ಸದಾ ತಪ್ಪಿಸಿಕೊಂಡು ಓಡಿದವನೇ. ಮೊನ್ನೆ ಹುಣಸೂರಿನಿಂದ ಬರುವಾಗ ಬಸ್ಸಿನಲ್ಲಿ ತೂಕಡಿಸಿ ಹಿಂದಿನ ಸ್ಟಾಪ್ ದಾಟಿಬಿಟ್ಟೆ. ಕಂಡಕ್ಟರ್ ಕೂಗಿದ, "ಜಲಸಂಧಿ ಗೇಟ್! ಯಾರ್ರೀ ಇಳ್ಯೋರು?" ಬಸ್ಸಿಗೆ ಬಸ್ಸೇ ನಕ್ಕಿತು. ಇಳಿದವನು ನಾನೊಬ್ಬನೇ.

"ಕೇಳುಸ್ತಾ ಮಾವ? ಈ ಗೇಟಿಗೆ ನಿಮ್ ಜಲಸಂಧಿ ಹೆಸರೇ ಇಟ್ಟವ್ರೆ!" ಅಂದೆ.

ಮಾವ ನಗಲಿಲ್ಲ. "ಇಳ್ಯೋರೇ ಇಲ್ದಿದ್ ಮ್ಯಾಲೆ ಹೆಸರು ತಕೊಂಡು ಏನ್ಲಾ ಮಾಡ್ಲಿ?" ಎಂದು ಭೂಪಟ ಮಡಿಸಿದರು. ಆಮೇಲೆ ರಸ್ತೆ ನೋಡುತ್ತಾ ಹೇಳಿದರು, "ರಾಮೇಶ್ವರಕ್ಕೆ ಹೋಗಿದ್ವಲ್ಲ, ಸಮುದ್ರದ ದಡದಲ್ಲಿ ನಿಂತ್ಕಂಡು ನಿಮ್ಮತ್ತೆ ಕೇಳುದ್ಲು, ಇಲ್ಲಿಂದ ಲಂಕೆಗಂಟ ಇರೋ ನೀರಿಗೆ ಏನಂತಾರೆ ಅಂತ. ಸಮುದ್ರ ಅಂತಾರೆ, ಸುಮ್ಕೆ ನಡಿ ಅಂದ್ಬುಟ್ಟೆ. ನಂಗೂ ಗೊತ್ತಿರ್ಲಿಲ್ಲ ಕಣ್ಲಾ. ಗೊತ್ತಾಗೋ ಹೊತ್ಗೆ ಅವ್ಳೇ ಇರ್ಲಿಲ್ಲ."

ಇಷ್ಟು ದಿನ ಓಡಿದ್ದಕ್ಕೆ ನನಗೆ ನಾಚಿಕೆಯಾಯಿತು. ಅವರ ಪಕ್ಕ ಕೂತು ಭೂಪಟ ಬಿಡಿಸಿದೆ.

"ಮಾವ, ಈ ನೀರಿಗೆ ಏನಂತಾರೆ?"

ಮಾವ ಆ ನೀರಿನ ಮೇಲೆ ಬೆರಳಿಟ್ಟರು. ಟವೆಲ್ಲಿನಿಂದ ಕಣ್ಣೊರೆಸಿಕೊಂಡರು.

"ಇನ್ನೊಂದ್ ಸಲ ಕೇಳ್ಲಾ" ಅಂದರು.